ಹಗೇವಿನೊಳಗಿನ ಶಾಟ್

ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಕಂದೀಲು ಆರಿತು. ಅದು ಆರಲಿ ಎಂದೇ ನಾವು ಕ್ಯಾಮೆರಾ ಹಿಡಿದು ಕಾಯುತ್ತಿದ್ದೆವು. ಆಗಿ ಎರಡು ತಿಂಗಳಾಯಿತು. ಮೊನ್ನೆ ಗೋಕಾಕದ ಕಿರಾಣಿ ಅಂಗಡಿಯಲ್ಲಿ ಹಳೆಯ ಜೋಳದ ಚೀಲವೊಂದನ್ನು ಬಿಚ್ಚಿದರು ನೋಡಿ, ಆ ಮುಗ್ಗಲು ವಾಸನೆಗೆ ನಾನು ಸಾಮಾನು ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತೆ. ಎಂ.ಎ. ಓದಿದವನು ಜೋಳಕ್ಕೆ ಹೆದರಿ ಓಡಿದ್ದನ್ನು ಅಂಗಡಿಯವರು ಮೊದಲ ಸಲ ಕಂಡಿರಬೇಕು.

ನಾನೂ ಹುಕ್ಕೇರಿಯ ಗೆಳೆಯ ಸಿದ್ದಪ್ಪನೂ ಹತ್ತು ನಿಮಿಷದ ಭಯದ ಸಿನಿಮಾ ಮಾಡಹೊರಟಿದ್ದೆವು. ಅಂಗಳದ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜದಲ್ಲಿ, ಯಾರೋ ಉಸಿರಾಡುತ್ತಿದ್ದಾರೆ ಎಂದು ನಂಬಿಕೊಂಡವನ ಕಥೆ. ದೆವ್ವ ಕಾಣಬಾರದು, ಅವನ ಮನಸ್ಸು ಕೆಡುವುದು ಬಣ್ಣದಲ್ಲೇ ಕಾಣಬೇಕು ಎಂಬುದು ನಮ್ಮ ಹಟ. ಮೊದಲಿಗೆ ಸುಣ್ಣದ ಗೋಡೆ, ಬಿಸಿಲು. ಬರಬರುತ್ತ ಗೋಡೆ ಕಡಿಮೆ, ನೆರಳು ಹೆಚ್ಚು. ಕಿಟಕಿಗೆ ಸಿದ್ದಪ್ಪನ ಅಪ್ಪನ ಕರಿ ಕಂಬಳಿ. ಕುರಿ ಕಾಯುವವರ ಕಂಬಳಿಯಷ್ಟು ಬೆಳಕು ನುಂಗುವ ಬಟ್ಟೆ ಬೇರೆ ಇಲ್ಲ. ಕೊನೆಗೆ ಹಗೇವಿಗೆ ಇಳಿಬಿಟ್ಟ ಕಂದೀಲು ತಾನಾಗಿ ಸಣ್ಣದಾಗಿ ಆರಬೇಕು. ಅದನ್ನು ಆರಿಸುವುದು ಹೇಗೆಂದು ವಾರಗಟ್ಟಲೆ ಜಗಳಾಡಿದ್ದೆವು.

ಹಗೇವು ಕಲ್ಲೋಳಿಯ ನಮ್ಮ ಚಿಕ್ಕಮ್ಮ ಕಾಕುವಿನದು, ವರ್ಷಗಳಿಂದ ಖಾಲಿ. ಬಾಯಿಯ ಚಪ್ಪಡಿ ಸರಿಸಿದಾಗ ಹಳೆಯ ಜೋಳದ ಮುಗ್ಗಲು ವಾಸನೆ ಮೇಲೆ ಬಂತು. ಕಂದೀಲು ಇಳಿಬಿಟ್ಟೆವು. ಉರಿ ಕುಗ್ಗಿ ಕುಗ್ಗಿ ಆರಿತು.

“ನೋಡಲೇ, ನೀ ಹಾಳಿ ಮ್ಯಾಲ ತಗದ ಚಿತ್ರದಾಗಿನಂಗ ಆತು,” ಎಂದ ಸಿದ್ದಪ್ಪ. “ಒಳಗಿಂದ ಒಂದು ಶಾಟ್ ಬೇಕು. ಇಳೀತೇನಿ.”

“ಕ್ಯಾಮೆರಾ ಹುಷಾರ,” ಎಂದೆ.

ಹಗೇವಿನಲ್ಲಿ ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಮಗೂ ಗೊತ್ತಿತ್ತು. ಆದರೆ ಆ ದಿನ ನಮ್ಮ ಕಣ್ಣಿಗೆ ಅದು ದೀಪವಾಗಿರಲಿಲ್ಲ, ಶಾಟ್ ಆಗಿತ್ತು.

ಬಾಡಿಗೆ ಕ್ಯಾಮೆರಾ ಬೀಳಬಾರದೆಂದು ಅದನ್ನು ಅವನ ಎದೆಗೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿದ್ದೆವು. ಅದರಿಂದಲೇ ಅವನು ಉಳಿದ. ಒಳಗೆ ಹೋದವನು “ಲೇ, ತಲಿ...” ಎಂದ. ಹಗ್ಗ ಒಮ್ಮೆಲೇ ಭಾರವಾಯಿತು. ನಾನು ಕೂಗಿದ್ದಕ್ಕೆ ರೊಟ್ಟಿ ಬಡಿಯುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಓಡಿ ಬಂದು ಹಗ್ಗ ಹಿಡಿದಳು.

“ನೀನೂ ಇಳದಿ ಅಂದ್ರ ನೋಡು. ಜಗ್ಗು.”

ಜಗ್ಗಿದೆವು. ಮೇಲೆ ಬಂದವನ ತುಟಿ ನೀಲಿಯಾಗಿತ್ತು. ಸಿನಿಮಾಕ್ಕೆಂದು ಎಷ್ಟೋ ಬಣ್ಣ ಆರಿಸಿದ್ದೆವು, ಅದೊಂದನ್ನು ಯೋಚಿಸಿರಲಿಲ್ಲ. ಮೂಡಲಗಿಯ ಆಸ್ಪತ್ರೆಯಲ್ಲಿ ಸಂಜೆಗೆ ಕಣ್ಣು ಬಿಟ್ಟ.

ಆಮೇಲೆ ಇಬ್ಬರಿಗೂ ನಿದ್ದೆ ಇಲ್ಲವಾಯಿತು. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆಂದು ಸಿದ್ದಪ್ಪ ಮಾಳಿಗೆಯ ಮೇಲೆ ಹೊರಳಾಡುತ್ತಿದ್ದ. ನನಗೆ ಕಣ್ಣು ಹತ್ತುವಷ್ಟರಲ್ಲಿ ಅಂಗೈಗೆ ಹಗ್ಗದ ಭಾರ ಬರುತ್ತಿತ್ತು. ಅಂಗಡಿಯಿಂದ ಓಡಿಬಂದ ದಿನವೇ ಅವನಿಗೆ ಫೋನ್ ಮಾಡಿ, ಭಾನುವಾರ ಇಬ್ಬರೂ ಕಲ್ಲೋಳಿಗೆ ಹೋದೆವು.

“ಬರ್ರಿ ಸಿನಿಮಾದವರ,” ಎಂದಳು ಕಾಕು. ಚಹಾ ಕೊಟ್ಟು, ನಮ್ಮ ಕಣ್ಣು ನೋಡಿ ಮೆತ್ತಗಾದಳು. “ನಿಮಗಷ್ಟ ಅಲ್ಲಪಾ. ನಾನೂ ರಾತ್ರಿ ಎದ್ದೆದ್ದು ಹೋಗಿ ಆ ಕಲ್ಲ ಮುಟ್ಟಿ ನೋಡತೇನಿ, ಮುಚ್ಚೇತಿಲ್ಲೋ ಅಂತ. ನನ್ನ ಅಂಗಳದಾಗ ಹೆಚ್ಚುಕಡಿಮಿ ಆಗಿದ್ರ ಸಿದ್ದಪ್ಪನ ಅವ್ವಗ ಏನ ಹೇಳ್ತಿದ್ದೆ?”

ಹೆದರಿಕೆ ನಮ್ಮಿಬ್ಬರದೇ ಎಂದುಕೊಂಡಿದ್ದೆ. ಇಷ್ಟು ದಿನ ಒಮ್ಮೆಯೂ ಅವಳನ್ನು ಕೇಳಿರಲಿಲ್ಲ.

ದೂರ ನಿಂತಿದ್ದ ಸಿದ್ದಪ್ಪ, “ಸಲಿಕಿ ಎಲ್ಲೈತಿ ಕಾಕು?” ಎಂದ. ಸಂಜೆಯವರೆಗೆ ಮೂವರೂ ಮಣ್ಣು ಹೊತ್ತು ಹಗೇವು ತುಂಬಿದೆವು. ಕಾಕು ಮೇಲೆ ಹತ್ತಿ ಕಾಲಿನಿಂದ ತುಳಿದಳು.

ಇವತ್ತು ಸೋಮವಾರ. ಬಿಸಿಲೇರಿದ ಮೇಲೆ ಅವಳ ಫೋನೇ ನನ್ನನ್ನು ಎಬ್ಬಿಸಿತು.

“ನಾನೂ ಈಗನ ಎದ್ದೆ ತಮ್ಮಾ. ಎಮ್ಮಿ ಒದರಿ ಒದರಿ ಎಬ್ಬಿಸೇತಿ. ಓಣಿ ಮಂದಿ ಏನ ತಿಳ್ಕೊಂಡಾರೋ.”

ಸಿದ್ದಪ್ಪನಿಗೆ ಫೋನ್ ಹಚ್ಚಿದೆ. ಎತ್ತಿದ್ದು ಅವನ ಅವ್ವ, ದನಿ ತಗ್ಗಿಸಿ.

“ಒಳಗ ಮಕ್ಕೊಂಡಾನ, ಬಾಗಲಾ ಹಾಕ್ಕೊಂಡು. ನಾ ಎಬ್ಬಸೂದಿಲ್ಲ.”