ಕಜೆಟನ್ ಎತ್ತಿದ ಟೋಸ್ಟ್

ಶಿರ್ವದ ಇಗರ್ಜಿಯ ಆಸುಪಾಸಿನಲ್ಲಿ ಯಾರ ಮದುವೆಯಾದರೂ ಟೋಸ್ಟ್ ಹೇಳುವವನು ಕಜೆಟನ್. ಜನರೆಲ್ಲ ವೈನ್ ಗ್ಲಾಸು ಹಿಡಿದು ನಿಂತಿರುವಾಗ ಒಬ್ಬ ಹಿರಿಯ ಮದುಮಕ್ಕಳಿಗೆ ಶುಭ ಕೋರುವ ಎರಡು ನಿಮಿಷದ ಕೆಲಸ ಅದು. ಕಜೆಟನ್ ಅದನ್ನು ಇಪ್ಪತ್ತು ನಿಮಿಷ ಎಳೆಯುತ್ತಿದ್ದ. ಮದುಮಗಳ ಹೆಸರು ಬರುವಾಗ ಹದಿನೆಂಟು ಕಳೆದಿರುತ್ತಿತ್ತು. ಅಲ್ಲಿಯವರೆಗೆ ಬರೀ ತಾನು ಕೆಲಸಕ್ಕಿದ್ದ ಬಹ್ರೈನ್. ಮಗಳು ಗ್ಲೋರಿಯಾ ಹುಟ್ಟಿದ ದಿನ ರಜೆ ಕೊಡದ ಮ್ಯಾನೇಜರನ ಮೇಜಿನ ಮೇಲೆ ತಾನು ಫೈಲು ಎಸೆದ ಕಥೆಯಂತೂ ಊರಿಗೆಲ್ಲ ಬಾಯಿಪಾಠ. ಕೇಳುವಾಗ ಯಾರಾದರೂ ಆಕಳಿಸಿದರೆ ಆರು ತಿಂಗಳು ಅವರ ಮನೆಗೆ ಕಾಲಿಡುತ್ತಿರಲಿಲ್ಲ.

ಕಳೆದ ವರ್ಷ ಗ್ಲೋರಿಯಾಳ ಮದುವೆ ನಿಶ್ಚಯವಾಯಿತು. ಟೋಸ್ಟ್ ಪಕ್ಕದ ಮನೆಯ ಜೋಕಿಮ್ ಅಂಕಲ್ ಹೇಳಲಿ ಎಂದಳು ಅವಳು. ಕಜೆಟನ್ ಊಟ ಬಿಟ್ಟ, ನಿದ್ದೆ ಬಿಟ್ಟ, ಕೊನೆಗೆ ಮಾತೂ ಬಿಟ್ಟ. ಆಗ ಹೆಂಡತಿ ಝೀಟಾಗೆ ನಿಜವಾಗಿ ಭಯವಾಯಿತು. ನಿದ್ದೆಗೆ ಮದ್ದು ತರೋಣ ಎಂದು ಪುಸಲಾಯಿಸಿ ಮಣಿಪಾಲದ ಮನೋವೈದ್ಯೆಯ ಬಳಿಗೆ ಕರೆದೊಯ್ದಳು.

ಡಾಕ್ಟರ್ ಯಶ್ಮಿತಾ ಅವಸರ ಮಾಡಲಿಲ್ಲ. ನಾಲ್ಕು ಭೇಟಿ ಅವನ ಮಾತು ಕೇಳಿ, ತಾಯಿ ಮಗಳನ್ನೂ ವಿಚಾರಿಸಿ, ಆಮೇಲೆ ಹೆಸರು ಹೇಳಿದರು: ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್. ಇದು ಬರೀ ಜಂಬ ಅಲ್ಲ, ಯಾರೂ ಹೊಗಳದಿದ್ದರೆ ತಾನು ಏನೂ ಅಲ್ಲ ಎಂಬ ಅಂಜಿಕೆ ಒಳಗೆ ಕೂತಿರುತ್ತದೆ, ಅದನ್ನು ಮುಚ್ಚುವ ಗಡಿಬಿಡಿಯಲ್ಲಿ ಎದುರಿನವರ ನೋವು ಕಾಣುವುದಿಲ್ಲ ಎಂದರು. ಇದಕ್ಕೆಂದೇ ಗುಳಿಗೆ ಇಲ್ಲ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಬಂದು ಕೂತು ಮಾತಾಡಬೇಕು.

ಎಷ್ಟು ಜನರಿಗೆ ಉಂಟು ಇದು ಎಂದು ಕಜೆಟನ್ ಕೇಳಿದ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಎಂದು ತಿಳಿದಾಗ ಮುಖ ಅರಳಿತು. ಆದಿತ್ಯವಾರ ಪೂಜೆ ಮುಗಿದದ್ದೇ ಇಗರ್ಜಿಯ ಅಂಗಳದಲ್ಲಿ ಜೋಕಿಮ್‌ನನ್ನು ಹಿಡಿದ.

"ನಿನ್ನ ಶುಗರ್ ಎಂತ ದೊಡ್ಡದು ಮಾರಾಯ, ಮನೆಮನೆಯಲ್ಲೂ ಉಂಟು. ನನ್ನದು ಹಾಗಲ್ಲ."

ಡಾಕ್ಟರು ಒಂದು ಅಭ್ಯಾಸ ಕೊಟ್ಟಿದ್ದರು: ದಿನಕ್ಕೆ ಒಬ್ಬರನ್ನು ಒಂದು ಪ್ರಶ್ನೆ ಕೇಳಬೇಕು, ಉತ್ತರ ಮುಗಿಯುವವರೆಗೆ ಬಾಯಿ ತೆರೆಯಬಾರದು. ಮೊದಲ ದಿನ ಅವನು ಝೀಟಾಳನ್ನು ಕೇಳಿದ್ದು, ಮದುವೆಯ ದಿನ ನಾನು ಹೇಗೆ ಕಾಣುತ್ತಿದ್ದೆ ಎಂದು. ಇದೂ ನಿಮ್ಮ ಬಗ್ಗೆಯೇ ಆಯಿತು, ಲೆಕ್ಕಕ್ಕಿಲ್ಲ ಎಂದರು ಡಾಕ್ಟರು. ಸಿಟ್ಟು ಬಂದು ಎರಡು ಭೇಟಿ ತಪ್ಪಿಸಿದ. ಆದರೆ ಮಗಳ ಟೋಸ್ಟ್ ಕೈತಪ್ಪುವ ಸಂಕಟ ಸಿಟ್ಟಿಗಿಂತ ದೊಡ್ಡದಿತ್ತು. ಮೂರನೆಯ ಸಲ ತಾನಾಗಿಯೇ ಬಸ್ಸು ಹತ್ತಿದ.

ಐದನೆಯ ತಿಂಗಳಲ್ಲಿ ಗ್ಲೋರಿಯಾಳನ್ನೇ ಕೇಳಿದ, ನಾನು ಯಾಕೆ ಬೇಡ ಎಂದು. ಅವಳಿಗೆ ಕೆಲಸ ಸಿಕ್ಕಿದ ದಿನ ಇವನು ತನ್ನ ಪ್ರಮೋಶನ್ನಿನ ಕಥೆ ತೆಗೆದದ್ದು, ಅಜ್ಜಿ ತೀರಿದ ದಿನ ಬಂದವರಿಗೆಲ್ಲ ಶವಪೆಟ್ಟಿಗೆಯ ಮರ ತನ್ನ ಆಯ್ಕೆ ಎಂದು ತಟ್ಟಿ ತೋರಿಸಿದ್ದು, ಒಂದೂ ಬಿಡದೆ ಹೇಳಿದಳು. ಕಜೆಟನ್ ಎರಡು ಸಲ ಬಾಯಿ ತೆರೆದ, ಡಾಕ್ಟರ ಮಾತು ನೆನಪಾಗಿ ಎರಡು ಸಲವೂ ಮುಚ್ಚಿದ. ಮರುದಿನ ಚಾ ಕೊಡುತ್ತ ಗ್ಲೋರಿಯಾ ಹೇಳಿದಳು:

"ಪಪ್ಪಾ, ನೀವೇ ಹೇಳಿ. ಬಹ್ರೈನ್ ಬಂದರೆ ಮಾತ್ರ ನಾನು ಸ್ಟೇಜಿಂದ ಇಳಿದು ಹೋಗುತ್ತೇನೆ."

ಮದುವೆಯ ದಿನ ಹಾಲ್ ತುಂಬ ಗ್ಲಾಸುಗಳು ಮೇಲೆದ್ದವು. ಗ್ಲೋರಿಯಾ ಹುಟ್ಟಿದ ದಿನ ಬಹ್ರೈನಿನಲ್ಲಿ, ಎಂದು ಕಜೆಟನ್‌ನ ಬಾಯಿ ತನ್ನಷ್ಟಕ್ಕೆ ಹೊರಟೇಬಿಟ್ಟಿತು. ಮಗಳು ಬಿಳಿ ಗೌನಿನ ಅಂಚು ಎತ್ತಿ ಮೆಟ್ಟಿಲ ಕಡೆ ನೋಡಿದಳು. ಅವನು ನಿಲ್ಲಿಸಿದ. ಜನರೆಲ್ಲ ಕಾಯುತ್ತಿರುವಂತೆಯೇ ಹೆಂಡತಿಯ ಕಡೆ ತಿರುಗಿದ.

"ಆ ದಿನ ಇಲ್ಲಿ ಎಂತ ಆಯ್ತು ಝೀಟಾ? ನಾನು ಕೇಳಲೇ ಇಲ್ಲ, ಅಲ್ವಾ?"

ಝೀಟಾ ಮೈಕ್ ತೆಗೆದುಕೊಂಡಳು. ಜೋಕಿಮ್ ಕೈ ಅಡ್ಡ ಹಿಡಿದು ನಿಲ್ಲಿಸಿದ ಎರ್ಮಾಳಿನ ಮೀನಿನ ಟೆಂಪೋದಲ್ಲಿ, ಖಾಲಿ ಬುಟ್ಟಿಗಳ ನಡುವೆ ಕೂತು ಉಡುಪಿಯ ಆಸ್ಪತ್ರೆ ಸೇರಿದ್ದನ್ನು ಹೇಳಿದಳು. ಮಗುವಿನ ತಂದೆ ಎಲ್ಲಿ ಎಂದು ನರ್ಸ್ ಕೇಳಿದಾಗ ಗಾಬರಿಯಲ್ಲಿ ಜೋಕಿಮ್ ಕೈ ಎತ್ತಿ ಬೈಸಿಕೊಂಡದ್ದನ್ನೂ ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. ತಾನೆಷ್ಟು ಹೆದರಿದ್ದೆನೆಂದು ಫೋನಿನಲ್ಲಿ ಹೇಳಲು ಹೊರಟರೆ ಆಚೆಯಿಂದ ಮ್ಯಾನೇಜರನ ಕಥೆ ಶುರುವಾಯಿತು ಎಂದಾಗ ಯಾರೂ ನಗಲಿಲ್ಲ. ಒಂಬತ್ತು ನಿಮಿಷ ಕಜೆಟನ್ ಗ್ಲಾಸು ಎತ್ತಿ ಹಿಡಿದೇ ನಿಂತಿದ್ದ. ಗ್ಲಾಸು ಓರೆಯಾಗಿ ವೈನು ಕೋಟಿನ ತೋಳಿಗೆ ಇಳಿಯುತ್ತಿತ್ತು. ಅವನು ಅಳುತ್ತಿದ್ದ.

ಸೋಮವಾರ ಮಣಿಪಾಲದಲ್ಲಿ ಡಾಕ್ಟರ ಎದುರು ನೆಟ್ಟಗೆ ಕೂತು ಹೇಳಿದ, ಒಂಬತ್ತು ನಿಮಿಷ ಗ್ಲಾಸು ಇಳಿಸದೆ ಹೆಂಡತಿಯ ಮಾತು ಕೇಳಿದವನು ಶಿರ್ವದ ಚರಿತ್ರೆಯಲ್ಲಿ ತಾನೊಬ್ಬನೇ ಎಂದು. ಡಾಕ್ಟರು ಪೂರ್ತಿ ಕೇಳಿ, ಮುಂದಿನ ಭೇಟಿಯ ತಾರೀಕು ಬರೆದುಕೊಟ್ಟರು.