ಫೋನಿನಲ್ಲಿ ಕಲಿತ ರೊಟ್ಟಿ

ಕುದಿಯುವ ನೀರು ಜೋಳದ ಹಿಟ್ಟಿಗೆ ಬಿದ್ದ ಕೂಡಲೇ ಏಳುವ ಹಸಿ ವಾಸನೆ... ನಿನ್ನೆ ಅಡುಗೆಮನೆಯಲ್ಲಿ ಅದು ಮೂಗಿಗೆ ಬಡಿದಾಗ ಅಕ್ಕ ನೆನಪಾದರು.

ತೊಂಬತ್ತರ ದಶಕದ ಕೊನೆ. ಸರ್ವಜ್ಞನಗರದ ಹಳೆಯ ಮನೆಯೊಂದರ ಮುಂಗೋಣೆಯಲ್ಲಿ ನಮ್ಮ ಸಹಾಯವಾಣಿ ನಡೆಯುತ್ತಿತ್ತು. ಬದುಕು ಸಾಕೆನಿಸಿದವರು ಫೋನ್ ಮಾಡುತ್ತಿದ್ದರು, ನಾವು ಕೇಳಿಸಿಕೊಳ್ಳುತ್ತಿದ್ದೆವು. ಅವರ ಹೆಸರು ಕೇಳುವಂತಿರಲಿಲ್ಲ, ನಮ್ಮದು ಹೇಳುವಂತಿರಲಿಲ್ಲ. ಕಾಲೇಜು ಮುಗಿಸಿ ಆಗಷ್ಟೇ ಸೇರಿದ್ದ ನನಗೆ ಕೆಲಸ ಕಲಿಸುತ್ತಿದ್ದವರು ಹಲಸೂರಿನ ಈ ಅಕ್ಕ. ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನ. ಮುದ್ದೆ ಬಿಟ್ಟರೆ ಮಿಕ್ಕಿದ್ದೆಲ್ಲ ತಿಂಡಿ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ರಾಮಮೂರ್ತಿ ನಗರದಿಂದ ಹೆಂಗಸೊಬ್ಬಳು ಫೋನ್ ಮಾಡಿದಳು. ಧಾರವಾಡದ ಕಡೆಯ ಮಾತು.

"ಮಾತ್ರಿ ಕೈಯಾಗ ಅದಾವ್ರಿ. ಯಾರಿಗಾದ್ರೂ ಹೇಳಿ ಹೋಗೂಣು ಅಂತ..."

ಫೋನ್ ಎತ್ತಿದ್ದ ನಾನು ಅಕ್ಕನತ್ತ ತಿರುಗಿದೆ. ಅಕ್ಕ ರಿಸೀವರ್ ತೆಗೆದುಕೊಂಡರು. ಕಲಿಯುವವರಿಗೆಂದಿದ್ದ ಇನ್ನೊಂದನ್ನು ನಾನು ಕಿವಿಗಿಟ್ಟುಕೊಂಡೆ. ಅಕ್ಕ ಬಹಳ ಹೊತ್ತು ಅವಳ ಕಷ್ಟ ಕೇಳಿದರು. ಆಮೇಲೆ ಊಟವಾಯಿತೇ ಎಂದು ವಿಚಾರಿಸಿದರು. ರೊಟ್ಟಿ ಬಡಿಯಲೂ ಮನಸ್ಸಿಲ್ಲ ಎಂದಳು.

"ಅದೇನ್ ಮಹಾ ಕೆಲ್ಸಾನಮ್ಮಾ? ಹಿಟ್ಟಿಗೆ ತಣ್ಣೀರ್ ಹಾಕಿ ನಾದಿ, ತಟ್ಟಿದ್ರಾಯ್ತು."



"ತಣ್ಣೀರಾ? ಯಾರ್ ಹೇಳಿದ್ರಿ ನಿಮಗ? ಹರದು ಚೂರಾಗ್ತಾವ್ರಿ. ಕುದಿಯೋ ನೀರ್ ಹಾಕ್ಬೇಕ್ರಿ."

"ನಾವು ಮುದ್ದೆ ಜನ ಕಣಮ್ಮಾ."

"ಅದಕ್ಕ ಮತ್ತ," ಎಂದಳು. ಅಳುವಿನ ನಡುವೆ ಸಣ್ಣದೊಂದು ನಗು.

ಅಷ್ಟು ಸಾಕಾಯಿತು ಅಕ್ಕನಿಗೆ. "ಆ ಮಾತ್ರೆಯೆಲ್ಲ ಪಕ್ಕದ್ಮನೆಯವ್ರಿಗೆ ಕೊಟ್ಟು, ಅವ್ರನ್ನೂ ಕರ್ಕೊಂಡ್ ಬಾ. ನಾನು ಫೋನ್ ಇಡಲ್ಲ."

ಅವಳು ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಏನೂ ಇಲ್ಲ... ಅವಳು ಹೋದದ್ದು ಪಕ್ಕದ ಮನೆಗೋ, ಒಳಕೋಣೆಗೋ? ಆ ಖಾಲಿತನ ಇವತ್ತಿಗೂ ಒಮ್ಮೊಮ್ಮೆ ನನ್ನ ಕಿವಿಯಲ್ಲಿ ತೆರೆದುಕೊಳ್ಳುತ್ತದೆ.

ಕೊನೆಗೆ ಬಾಗಿಲ ಸದ್ದು, ಹಿಂದೆಯೇ ತಮಿಳಿನ ಧಾಟಿಯ ಗಟ್ಟಿ ದನಿ: "ನಾನಿದೀನಿ ಬಿಡಮ್ಮಾ. ಮೊದ್ಲು ಊಟ." ಅಕ್ಕ ಆಗಲೂ ಫೋನ್ ಇಡಲಿಲ್ಲ, ಆ ಕಡೆ ತಟ್ಟೆಯ ಸದ್ದು ಕೇಳುವವರೆಗೂ.

ತಣ್ಣೀರಿನ ಮಾತು ಅವಳನ್ನು ಮಾತಿಗೆಳೆಯುವ ಉಪಾಯವೆಂದುಕೊಂಡಿದ್ದೆ. ಮುಂದಿನ ವಾರ ಅಕ್ಕ ಡಬ್ಬಿಯಲ್ಲಿ ತಂದ ರೊಟ್ಟಿಯ ಚೂರು ನೋಡಿದಾಗ, ಅವರಿಗೆ ನಿಜಕ್ಕೂ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ತಿಳಿಯಿತು. ಅವಳು ಡಾಕ್ಟರ ಬಳಿ ಹೋದಳು, ನಿಧಾನವಾಗಿ ಚೇತರಿಸಿಕೊಂಡಳು. ನಡುನಡುವೆ ಫೋನ್ ಮಾಡಿ, "ಉಬ್ಬಿದ್ವೇನ್ರಿ?" ಎಂದು ಅಕ್ಕನನ್ನು ಕಾಡುತ್ತಿದ್ದಳು.

"ಎಲ್ಲಿ ಉಬ್ತವಮ್ಮಾ, ಭೂಪಟ ಆಯ್ತು," ಎನ್ನುತ್ತಿದ್ದರು ಅಕ್ಕ. ಕೋಣೆಯಿಡೀ ನಗುತ್ತಿತ್ತು.

ಅಕ್ಕ ತೀರಿಕೊಂಡು ವರ್ಷಗಳಾದವು. ಅವಳಿಗೆ ತಿಳಿಸೋಣವೆಂದರೆ ಹೆಸರೇ ಗೊತ್ತಿಲ್ಲ... ನಿನ್ನೆ ನನ್ನ ರೊಟ್ಟಿ ಹೆಂಚಿನ ಮೇಲೆ ದುಂಡಗೆ ಉಬ್ಬಿತು. ಯಾರಿಗೆ ಫೋನ್ ಮಾಡಲಿ ಎಂದು ಕ್ಷಣಹೊತ್ತು ಯೋಚಿಸಿದೆ.