ದಮ್ಮು ಕಡಿಮೆ ಎಂದ ಮಾತು

ಹುಕ್ಕೇರಿಯಿಂದ ಎರಡು ಹರದಾರಿ ದೂರದ ಹಳ್ಳಿಯ ಸಾಲೆಗೆ ನಾನು ಮಾಸ್ತರನಾಗಿ ಹೋದಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಗೋಕಾಕದಲ್ಲಿ ಓದಿದವನು, ಆ ಊರಿಗೆ ಹೊಸಬ. ಸಂಜೆ ಗಂಡಸರೆಲ್ಲ ಬಟ್ಟೆ ಹೊಲಿಯುವ ಸಿಂಪಿಗನ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವನು ಹೊಲಿಗೆ ಯಂತ್ರ ತುಳಿಯುತ್ತಲೇ ಮಾತು ನಡೆಸುತ್ತಿದ್ದ. ಮಾತು ಮಳೆಯಿಂದ ಶುರುವಾದರೂ ಕುಸ್ತಿಗೇ ಬಂದು ನಿಲ್ಲುತ್ತಿತ್ತು. ಯಾವ ಪೈಲವಾನ ಯಾವ ಪಟ್ಟು ಹಾಕಿದ, ಯಾರು ಚಿತ್ ಆದರು ಎಂಬುದೇ ಮಾತು. ನನಗೆ ಅದರ ಗಂಧಗಾಳಿ ಇರಲಿಲ್ಲ. ಒಂದು ತಿಂಗಳು ಸುಮ್ಮನೆ ಕೂತೆ. ಎಲೆಅಡಿಕೆಯ ತಟ್ಟೆ ನನ್ನ ಮುಂದೆ ಕೊನೆಗೆ ಬರುತ್ತಿತ್ತು.

ಹಾಗಾಗಿ ಒಂದಿಷ್ಟು ಕಲಿತೆ. ಕುಸ್ತಿಯನ್ನಲ್ಲ, ಕುಸ್ತಿಯ ಮಾತನ್ನು. ನಾಲ್ಕು ಪಟ್ಟುಗಳ ಹೆಸರು, ಸುತ್ತಲಿನ ಐದಾರು ಪೈಲವಾನರು ಯಾವ ಗರಡಿಯವರು ಎಂಬುದು, ಮತ್ತು ಯಾರ ಬಗ್ಗೆಯೂ ಹೇಳಬಹುದಾದ ಒಂದು ವಾಕ್ಯ: "ಎಲ್ಲಾ ಬರೋಬರಿ ಐತ್ರಿ, ದಮ್ಮ ಒಂಚೂರು ಕಡಿಮಿ." ಇದನ್ನು ಯಾರೂ ತಳ್ಳಿಹಾಕುತ್ತಿರಲಿಲ್ಲ. ಗೆದ್ದವನಿಗೂ ಉಸಿರು ಇನ್ನಷ್ಟು ಬೇಕೇ ಆಗಿರುತ್ತದೆ. "ಮಾಸ್ತರ್ರು ಖರೆ ಹೇಳಿದ್ರ ನೋಡ್ರಿ" ಎಂದು ಸಿಂಪಿಗ ತಲೆಯಾಡಿಸಿದ ದಿನ ತಟ್ಟೆ ಮೊದಲು ನನ್ನ ಮುಂದೆ ಬಂತು.

ಊರಿನ ಪೈಲವಾನ ಕುರಿ ಕಾಯುವ ಮನೆತನದವನು, ಮಿತಭಾಷಿ. ಅವನ ಖುರಾಕನ್ನು, ಮೈ ಕಟ್ಟುವ ಊಟ-ಹಾಲನ್ನು, ಊರೇ ನೋಡಿಕೊಳ್ಳುತ್ತಿತ್ತು. ಗರಡಿಯ ಬಾಗಿಲ ಗೂಟಕ್ಕೆ ಅವನ ಹಿತ್ತಾಳೆಯ ಚರಗೆ ತೂಗುಹಾಕಿರುತ್ತಿತ್ತು. ಎಮ್ಮೆಯಿದ್ದ ಮನೆಗಳವರು ದಿನಕ್ಕೊಬ್ಬರಂತೆ ಪಾಳಿಯ ಮೇಲೆ ಆ ಚರಗೆ ಒಯ್ದು, ಹಾಲು ತುಂಬಿಸಿ ತಂದಿಡಬೇಕು. ಅವನು ಕೇಳುವಂತಿಲ್ಲ. ಚರಗೆ ಗೂಟದಲ್ಲೇ ಇದ್ದರೆ ಅವತ್ತು ಹಾಲಿಲ್ಲ. ಊರಿಗೆ ಅವನು ಬೇಡವಾದರೆ ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ.

ಅವನ ಬಗ್ಗೆಯೂ ನಾನು ಆ ವಾಕ್ಯ ಹೇಳಿದ್ದೆ. ಎಷ್ಟು ಸಲ ಎಂಬುದು ನೆನಪಿಲ್ಲ.

ಸುಗ್ಗಿ ಮುಗಿದ ಮೇಲೆ ಮೂಡಲಗಿಯಲ್ಲಿ ನಮ್ಮ ಪೈಲವಾನನ ಕುಸ್ತಿ ಇಟ್ಟರು. ಗೋಕಾಕದವರೆಗೆ ಮೋಟಾರಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಏಳು ಜನ ನೋಡಲು ಹೋದೆವು. ಸಿಂಪಿಗ ಬರಲಿಲ್ಲ. ಕಟ್ಟೆಯ ಬಹಳ ಮಂದಿ ಬರಲಿಲ್ಲ. ನಾನು ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ನನ್ನ ಜೊತೆಯ ಆರು ಮಂದಿ ಕಣದ ಆಚೆ ಅಂಚಿನಲ್ಲಿದ್ದರು; ಅವರಿಗೆ ಕೊನೆಯಲ್ಲಿ ಕಂಡದ್ದು ಎದುರಾಳಿಯ ಬೆನ್ನಷ್ಟೇ. ನಾನು ಈಚೆ, ಹಗ್ಗಕ್ಕೆ ಮೊಣಕಾಲು ತಾಗಿಸಿ ಕೂತಿದ್ದೆ. ಇಬ್ಬರೂ ಬಿದ್ದದ್ದು ನನ್ನಿಂದ ನಾಲ್ಕು ಮೊಳ ದೂರದಲ್ಲಿ. ಎದುರಾಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ನಮ್ಮವನ ಬಾಯಿ ಮುಚ್ಚಿತ್ತು. ಅವನ ಬಲ ಭುಜ ಮಣ್ಣಿಗೆ ಹತ್ತಿತು. ಎಡ ಭುಜ ಹತ್ತಲಿಲ್ಲ. ಎಡ ಮೊಣಕೈಯನ್ನು ಊರಿ ಆ ಪಕ್ಕವನ್ನು ಎತ್ತಿ ಹಿಡಿದಿದ್ದ. ಕೆಳಗೆ ನನ್ನ ಅಂಗೈ ತೂರುವಷ್ಟು ಸಂದು ಇತ್ತು.

ಎರಡೂ ಭುಜ ಹತ್ತಿದರೆ ಮಾತ್ರ ಚಿತ್. ಕಟ್ಟೆಯ ಮೇಲೆ ನಾನು ಕಲಿತ ಮೊದಲ ಪಾಠವೇ ಅದು. ಆದರೆ ತೀರ್ಪು ಕೊಡುವ ಪಂಚ ಬಂದು ಎದುರಾಳಿಯ ಕೈ ಎತ್ತಿ ಹಿಡಿದ. ಆ ಪಂಚ ಯಾರು? ಎದುರಾಳಿಯನ್ನು ಸಾಕಿದ ಸಾವಕಾರ. ಹಲಗೆ ಬಾರಿಸತೊಡಗಿದರು. ಎದ್ದು ನಿಂತ ನಮ್ಮವನ ಬೆನ್ನಿನ ಬಲ ಅರ್ಧಕ್ಕೆ ಕೆಂಪು ಮಣ್ಣು ದಪ್ಪಗೆ ಮೆತ್ತಿತ್ತು, ಎಡ ಅರ್ಧದಲ್ಲಿ ಬರೀ ಬೆವರು. ಅವನ ಬೆನ್ನು ನೋಡಿರೆಂದು ನಾನು ಕೂಗಿದೆ. ಪಂಚ ನನ್ನ ತಲೆಯ ಮೇಲಿನ ಮಾಸ್ತರಿಕೆಯ ಕರಿ ಟೊಪ್ಪಿಗೆ ನೋಡಿ, "ಮಾಸ್ತರ, ನೀವು ನಿಮ್ಮ ಸಾಲಿ ನೋಡ್ಕೋರಿ" ಎಂದ. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಊರಿಗೆ ಬಂದ ಸಂಜೆ ಕಟ್ಟೆಯ ಮೇಲೆ ಎಲ್ಲವನ್ನೂ ಹೇಳಿದೆ. ಸಿಂಪಿಗ ಹಲ್ಲಿನಿಂದ ದಾರ ಕಡಿದು ಹೇಳಿದ: "ಅದೆಲ್ಲಾ ಇರ್ಲಿ ಬಿಡ್ರಿ. ಅವಗ ದಮ್ಮ ಇಲ್ಲಂತ ನೀವಽ ಮೊದಲ ಹೇಳಿದ್ರಿ."

"ಅದು ಸುಮ್ನ ಅಂದ ಮಾತ್ರಿ. ಈಗ ಕಣ್ಣಾರೆ ನೋಡಿ ಬಂದೇನಿ."

"ನಮ್ಮೂರ ಹುಡುಗ ಅಂತ ಅವನ ಕಡಿ ಜಗ್ಗಿ ಮಾತಾಡಾಕತ್ತೀರಿ," ಎಂದ ಸಿಂಪಿಗ. "ನಿಮ್ಮ ಮನಸ ಭಾಳ ಮೆತ್ತಗ. ಎಮ್ಮಿ ಹಾಲ ಕುಡಿದು ಕುರಿ ಹಂಗ ಬಿದ್ದಾನ ಅವ."

ಎಲ್ಲರೂ ನಕ್ಕರು. ಕುಸ್ತಿ ನೋಡದ ಹತ್ತು ಮಂದಿ, ನೋಡಿ ಬಂದವನ ಮುಂದೆ ಅವನ ಹಳೆಯ ಹುಸಿಮಾತನ್ನೇ ಸಾಕ್ಷಿ ಮಾಡಿಟ್ಟಿದ್ದರು. ಎಲೆಅಡಿಕೆ ಮುಟ್ಟದೆ ಎದ್ದು ಬಂದೆ.

ಮರುದಿನ ಚರಗೆ ಗೂಟದಿಂದ ಇಳಿಯಲಿಲ್ಲ. ಅದರ ಮರುದಿನವೂ ಇಳಿಯಲಿಲ್ಲ. ಸಾಲೆಗೆ ಹೋಗುವ ದಾರಿಯಲ್ಲೇ ಗರಡಿ, ದಿನವೂ ನೋಡುತ್ತಿದ್ದೆ. ಪೈಲವಾನ ಎಂದಿನಂತೆ ಬಂದು ಮಣ್ಣು ಅಗೆದು ಹದ ಮಾಡುತ್ತಿದ್ದ. ಬಾಗಿಲ ಕಡೆ ತಲೆ ಎತ್ತುತ್ತಿರಲಿಲ್ಲ. ಐದನೆಯ ಮುಂಜಾನೆ ನಾನೇ ಚರಗೆ ಇಳಿಸಿ, ಧೂಳು ತೊಳೆದು, ಬಾಜೂ ಮನೆಯವರಿಂದ ಹಾಲು ತಗೊಂಡು ತುಂಬಿಸಿ ಒಯ್ದೆ. ಅವನು ಸಲಿಕೆ ಬದಿಗಿಟ್ಟ.

"ಮಾಸ್ತರ್ರ, ಮೂಡಲಗಿಗಿಂತ ಮೊದಲ ನನ್ನ ಕುಸ್ತಿ ಎಲ್ಲಿ ನೋಡಿದ್ರಿ?"

"ಎಲ್ಲೂ ಇಲ್ಲಪಾ."

"ಇಲ್ಲಿ, ಗರಡಿ ಒಳಗ?"

"ಇಲ್ಲ."

"ಮತ್ತ ನನ್ನ ದಮ್ಮ ಹೆಂಗ ಅಳದ್ರಿ?"

ಅವನ ದನಿ ಏರಲಿಲ್ಲ. ನಾನು ಚರಗೆಯನ್ನು ಅವನತ್ತ ಚಾಚಿದೆ.

"ಈ ಹಾಲ ಒಯ್ರಿ. ನಿಮ್ಮನ್ಯಾಗ ಎಮ್ಮಿ ಇಲ್ಲ, ನಿಮಗ ಪಾಳಿ ಇಲ್ಲ. ಪಾಳಿ ಇದ್ದವರು ತಂದ್ರ ಕುಡೀತೇನಿ. ನೀವು ನೋಡದಽ ಅಂದಿದ್ರಿ ಅಂತ ಅವರಿಗೆ ಹೇಳ್ರಿ, ಸಾಕು."

ಹಾಲು ಮರಳಿಸಿ ಚರಗೆಯನ್ನು ಗೂಟಕ್ಕೆ ಹಾಕಿದೆ. ಅವತ್ತೇ ಸಂಜೆ ಕಟ್ಟೆಯ ಮೇಲೆ ಹೇಳಿದೆ. ನನಗೆ ಕುಸ್ತಿ ತಿಳಿಯದು, ಅವನ ಒಂದು ಕುಸ್ತಿಯನ್ನೂ ನೋಡಿರಲಿಲ್ಲ, ಆ ಮಾತನ್ನು ಎಲ್ಲ ಪೈಲವಾನರ ಬಗ್ಗೆಯೂ ಹೇಳುತ್ತಿದ್ದೆ, ನಿಮ್ಮ ನಡುವೆ ಕೂತು ಮಾತಾಡಲಿಕ್ಕೆ ಹೇಳುತ್ತಿದ್ದೆ ಎಂದೆ. ಸಿಂಪಿಗ ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಹಂಗಾದ್ರ ಛಲೋ ಆತು," ಎಂದ ಸಿಂಪಿಗ. "ಕುಸ್ತಿ ತಿಳಿಯದವರಿಗೆ ಮೂಡಲಗ್ಯಾಗ ಭುಜ ಹತ್ತಿದ್ದು, ಹತ್ತಲಾರದ್ದು ಹೆಂಗ ತಿಳೀತ್ರಿ?"

ಭುಜಕ್ಕೂ ಮಣ್ಣಿಗೂ ನಡುವಿನ ಸಂದು ಕಾಣಲಿಕ್ಕೆ ಕಣ್ಣಿದ್ದರೆ ಸಾಕು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಯಂತ್ರ ಮತ್ತೆ ಶುರುವಾಗಿತ್ತು.

ಮರುದಿನ ಮುಂಜಾನೆ ಚರಗೆ ಗೂಟದಲ್ಲೇ ಇತ್ತು. ಅಂದಿನ ಪಾಳಿ ಸಿಂಪಿಗನ ಮನೆಯದು. ಅದೇ ವಾರ ಪೈಲವಾನ ಅದನ್ನು ತಾನೇ ಇಳಿಸಿಕೊಂಡು, ಕಂಬಳಿ ಹೆಗಲಿಗೆ ಹಾಕಿ, ಕುರಿಗಳ ಹಿಂದೆ ಕಣಗಲಾ ಊರಿನ ಕಡೆಗೆ ಹೋದ. ಆಮೇಲೆ ಅವನು ಕಣಕ್ಕೆ ಇಳಿದದ್ದನ್ನು ನಾನು ಕೇಳಿಲ್ಲ.

ಮುಂದಿನ ವರ್ಷ ಗೂಟಕ್ಕೆ ಬೇರೊಬ್ಬನ ಚರಗೆ ಬಂತು. "ಹೊಸ ಹುಡುಗ ಹೆಂಗ ಅದಾನ್ರಿ ಮಾಸ್ತರ?" ಎಂದು ಸಿಂಪಿಗ ಏನೂ ಆಗಿಲ್ಲವೆಂಬಂತೆ ಕೇಳಿದ.

"ನಾ ನೋಡಿಲ್ರಿ," ಎಂದೆ.